ಮಾವನ ಕಂಠ, ನನ್ನ ವಾಕಿಟಾಕಿ, ಅತ್ತೆಯ ಹುಬ್ಬು

ನಮ್ಮ ಮಾವ ಸ್ಟ್ರಾಟಿಸ್ ಅವರ ಕಂಠ ಸಾಮಾನ್ಯದ್ದಲ್ಲ. ಲೆಸ್ವೊಸ್ ದ್ವೀಪದ ನಮ್ಮ ಪುಟ್ಟ ಕೊಲ್ಲಿಯಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಿರಲಿಲ್ಲ. ಚುನಾವಣೆಯ ದಿನವೂ ಇರಲಿಲ್ಲ! ಅವರು ಕಡಲ ದಂಡೆಯಲ್ಲಿ ನಿಂತು "ಬೂತಾಯಿ ಮೀನು ಎರಡು!" ಎಂದು ಕೂಗಿದರೆ ಎದುರಿನ ಟರ್ಕಿಯ ದಡದಲ್ಲಿ ಯಾರೋ ಎರಡು ತಟ್ಟೆ ಒರೆಸಿಡುತ್ತಿದ್ದರಂತೆ. ಅವರ "ಆಕ್ಟೋಪಸ್ ಒಂದು!" ಕೇಳಿ ಬಂಡೆಗೆ ಅಂಟಿಕೊಂಡಿದ್ದ ಆಕ್ಟೋಪಸ್ ಎಂಟೂ ಕೈ ಎತ್ತಿ ತಾನಾಗಿಯೇ ಶರಣಾಯಿತಂತೆ. ಅಥೆನ್ಸ್‌ನ ಬಂದರು ಪಿರೇಯಸ್‌ಗೆ ಹೊರಟಿದ್ದ ಹಡಗೊಂದು ಇವರ ಕೂಗಿಗೆ ಗಾಬರಿಯಾಗಿ ಲಂಗರು ಇಳಿಸಿದ್ದನ್ನು ನೋಡಿದವರು ನಮ್ಮೂರಲ್ಲಿ ಕನಿಷ್ಠ ನಲವತ್ತು ಮಂದಿ ಇದ್ದರು. ಅವರಲ್ಲಿ ಹದಿನೈದು ಜನ ಆಗ ಹುಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಈ ಕಂಠ ಬೇಕಾಗಿದ್ದದ್ದು ನಮ್ಮ ಹೋಟೆಲಿನ ಸ್ವರೂಪದಿಂದ. ಮೇಜುಗಳು ಕಡಲ ಅಂಚಿನಲ್ಲಿ, ಹಿಪ್ಪುನೇರಳೆ ಮರಗಳ ಕೆಳಗೆ. ಅಡುಗೆಮನೆ ರಸ್ತೆಯಾಚೆ, ಹನ್ನೊಂದು ಮೆಟ್ಟಿಲ ಮೇಲೆ. ಮಾವ ಗಿರಾಕಿಯ ಮೇಲೆ ಬಾಗಿ, ಅವನ ಬಾಯನ್ನೇ ಭಕ್ತಿಯಿಂದ ನೋಡುತ್ತಾ ಆರ್ಡರ್ ಕೇಳುತ್ತಿದ್ದರು. ಆಮೇಲೆ ಮೂರನೇ ಮರದ ಬುಡಕ್ಕೆ ಹೋಗಿ, ಯುದ್ಧಭೂಮಿಯ ಸೇನಾಪತಿಯಂತೆ ಎರಡೂ ಕೈ ಬೀಸುತ್ತಾ ಕೂಗುತ್ತಿದ್ದರು. ಎರಡನೇ ಮರವಲ್ಲ, ನಾಲ್ಕನೆಯದೂ ಅಲ್ಲ, ಮೂರನೆಯದೇ! ಮೇಲೆ ನೀಲಿ ಕದದ ಕಿಟಕಿಯ ಹಿಂದೆ ಅತ್ತೆ ಮಿರ್ಸಿನಿ ಒಲೆಯ ಮುಂದೆ. ಇಪ್ಪತ್ತಾರು ವರ್ಷದಲ್ಲಿ ಒಂದು ತಟ್ಟೆಯೂ ತಪ್ಪಿ ಬಂದಿರಲಿಲ್ಲ.

೧೯೯೪ರ ಜೂನ್‌ನಲ್ಲಿ ಆ ಕಂಠ ಒಡೆಯಿತು. ಮಿತಿಲಿನಿ ಪಟ್ಟಣದ ವೈದ್ಯರು ಗಂಟಲೊಳಗೆ ದೀಪ ಬಿಟ್ಟು ನೋಡಿ, "ಈ ಬೇಸಿಗೆ ಪೂರ್ತಿ ಕೂಗುವಂತಿಲ್ಲ, ಮಾತಾಡುವಂತೆಯೂ ಇಲ್ಲ. ಕೂಗಿದರೆ ಮುಂದಿನ ಬೇಸಿಗೆಗೆ ಮಾತೂ ಇರುವುದಿಲ್ಲ" ಎಂದರು. ಮಾವ ಮನೆಗೆ ಬಂದವರೇ ಆರ್ಡರ್ ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ನನ್ನ ಮುಂದಿಟ್ಟರು:

"ಆಗಸ್ಟ್ ಇಪ್ಪತ್ತೊಂದಕ್ಕೆ ಕಪ್ತಾನ ದೂಕಾಸನ ಮೊಮ್ಮಗಳ ದೀಕ್ಷಾಸ್ನಾನದ ಊಟ. ಎಪ್ಪತ್ತು ಜನ. ನೀನು ನಡೆಸು. ಸರಿಯಾಗಿ ನಡೆದರೆ ಹೋಟೆಲಿನ ಕೀ ನಿನಗೆ. ಇಲ್ಲವಾದರೆ ಪಕ್ಕದಂಗಡಿಯವನಿಗೆ ಬಾಡಿಗೆ."

ಪಕ್ಕದಂಗಡಿಯವನು ಮಾರುತ್ತಿದ್ದದ್ದು ಪ್ಲಾಸ್ಟಿಕ್ ಚಪ್ಪಲಿ ಮತ್ತು ಗಾಳಿ ತುಂಬಿದ ಬಾತುಕೋಳಿ. ಬೂತಾಯಿ ಹುರಿದ ಜಾಗದಲ್ಲಿ ಬಾತುಕೋಳಿ ತೇಲುವುದೇ! ಅಥೆನ್ಸ್‌ನ ಕೆಲಸ ಬಿಟ್ಟು, ಮಾವನ ಮಗಳು ಇಗ್ನಾತಿಯಾಳನ್ನು ಮದುವೆಯಾಗಿ, ಎರಡು ವರ್ಷದಿಂದ ತಟ್ಟೆ ಹೊರುತ್ತಿದ್ದ ನನ್ನ ರಕ್ತ ಕುದಿಯಿತು. ಅಂದು ಊಟದ ಮೇಜಿನಲ್ಲಿ ಎದ್ದು ನಿಂತು ಘೋಷಿಸಿದೆ:

"ಇನ್ನು ಮುಂದೆ ಈ ಹೋಟೆಲಿನಲ್ಲಿ ಯಾರೂ ಕೂಗಬೇಕಾಗಿಲ್ಲ! ವಾಕಿಟಾಕಿ ತರ್ತೀನಿ! ನಾನು ಸೈನ್ಯದಲ್ಲಿ ಸಂಪರ್ಕ ದಳದಲ್ಲಿದ್ದವನು!"

"ಅಲ್ಲಿ ನೀನು ಆಲೂಗಡ್ಡೆ ಸುಲೀತಿದ್ದೆ ಅಂತ ನಿಮ್ಮಮ್ಮ ಹೇಳಿದ್ರಲ್ಲ?" ಎಂದಳು ಇಗ್ನಾತಿಯಾ.

"ಸಂಪರ್ಕ ದಳದ ಆಲೂಗಡ್ಡೆ!"

"ಓಹೋ. ಹಾಗಾದ್ರೆ ಅವು ಒಂದಕ್ಕೊಂದು ಮಾತಾಡ್ತಿದ್ವೇನೋ."

ಮಹಾಪುರುಷರಿಗೆ ಮನೆಯಲ್ಲಿ ಮರ್ಯಾದೆ ಕಡಿಮೆ. ನಾನು ಹಡಗು ಹತ್ತಿ ಪಿರೇಯಸ್‌ಗೆ ಹೋಗಿ ಒಂದು ಜೊತೆ ವಾಕಿಟಾಕಿ ಕೊಂಡು ತಂದೆ. ಆಗಿನ ಕಾಲದ ಸಾಮಾನು ನೋಡಿ: ಒಂದೊಂದೂ ಇಟ್ಟಿಗೆಯಷ್ಟು ತೂಕ, ತಲೆಯ ಮೇಲೆ ಒಂದು ಗೇಣು ರಬ್ಬರಿನ ಬಾಲ. ಸೊಂಟಕ್ಕೆ ಸಿಕ್ಕಿಸಿದರೆ ಪ್ಯಾಂಟು ಒಂದು ಕಡೆ ಇಳಿಯುತ್ತಿತ್ತು. ಹೊಸ ಪ್ಲಾಸ್ಟಿಕ್ಕಿನ ಆ ವಾಸನೆ ಇವತ್ತಿಗೂ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಕಡಲು, ಇದ್ದಿಲು, ಮೂವತ್ತು ವರ್ಷದ ಹಿಂದಿನ ಆ ಬೇಸಿಗೆ ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ.

ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಗ್ಗೆ ಒಂದನ್ನು ಅತ್ತೆಯ ಕೈಗಿಟ್ಟು, ಒಂದನ್ನು ಹಿಡಿದು ಮೂರನೇ ಮರದ ಬುಡಕ್ಕೆ ಓಡಿದೆ.

"ಹದ್ದಿನಿಂದ ಕೋಟೆಗೆ! ಹದ್ದಿನಿಂದ ಕೋಟೆಗೆ! ಕೇಳಿಸ್ತಿದೆಯಾ?"

"ಯಾರಪ್ಪಾ ಅದು?"

"ನಾನು ಅತ್ತೆ, ತ್ರಿಫೋನ್!"

"ಚೆನ್ನಾಗಿದ್ದೀಯಾ ಮಗಾ? ಎಲ್ಲಿಂದ ಮಾತಾಡ್ತಿದ್ದೀಯ?"

"ರಸ್ತೆಯಾಚೆಯಿಂದ! ಈಗ ತಾನೇ ನಿಮ್ಮ ಪಕ್ಕದಿಂದ ಬಂದೆನಲ್ಲ!"

"ಊಟ ಆಯ್ತಾ?"

"ಅತ್ತೆ, ಹಾಗೆಲ್ಲ ಕೇಳಬಾರದು. ನಾನು ಹದ್ದು, ನೀವು ಕೋಟೆ. ಕೆಲಸದ ಮಾತು ಮಾತ್ರ!"

"ನನಗೆ ಪಾದ್ರಿ ನೀರಲ್ಲಿ ಮುಳುಗಿಸಿ ಇಟ್ಟ ಹೆಸರಿದೆ. ಮಿರ್ಸಿನಿ ಅಂತ. ಕರೆದರೆ ಹಾಗೆ ಕರಿ, ಇಲ್ದಿದ್ರೆ ನನಗೆ ಕೆಲಸ ಇದೆ."

ಅಷ್ಟರಲ್ಲಿ ನಡುವೆ ಒಂದು ಗಡಸು ಧ್ವನಿ ತೂರಿಕೊಂಡು, "ಬಲೆ ಎಳೀಲಾ?" ಎಂದಿತು. ಯಾವುದೋ ದೋಣಿಯವನು ನಮ್ಮ ಚಾನೆಲ್‌ನಲ್ಲೇ ಇದ್ದ! ಅತ್ತೆ ಕ್ಷಣವೂ ಯೋಚಿಸದೆ, "ಎಳಿಯಪ್ಪ, ದೇವರು ಒಳ್ಳೇದು ಮಾಡ್ಲಿ" ಎಂದುಬಿಟ್ಟರು. ಅವನ ಬಲೆಗೆ ಅಂದು ಏನು ಬಿತ್ತೋ ಗೊತ್ತಿಲ್ಲ. ನಾನು ಮೂರನೇ ಚಾನೆಲ್ ಬಿಟ್ಟು ಐದಕ್ಕೆ ಹೋದೆ.

ಅದಾದ ಮೇಲೆ ಎರಡು ತಿಂಗಳು ವಾಕಿಟಾಕಿ ಅಮೋಘವಾಗಿ ನಡೆಯಿತು! ಮೂರನೇ ಮರದ ಕೆಳಗೆ ನಿಂತು, ಕಿಟಕಿಯತ್ತ ನೋಡುತ್ತಾ, "ಅತ್ತೆ, ಬೊಂಡಾಸ್ ಮೀನು ಇದೆಯಾ?" ಎಂದು ಮೆಲ್ಲಗೆ ಕೇಳುತ್ತಿದ್ದೆ. ಅತ್ತೆ ಕಿಟಕಿಯಿಂದ ತಲೆ ಬಾಗಿಸಿದರೆ ಇದೆ, ಹುಬ್ಬು ಮೇಲೆತ್ತಿ "ತ್ಚ್" ಎಂದರೆ ಇಲ್ಲ. ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು "ಇಲ್ಲ" ಎನ್ನುವುದಿಲ್ಲ. ಅಷ್ಟಕ್ಕೆ ಬಾಯಿಗೆ ಯಾಕೆ ತೊಂದರೆ ಕೊಡಬೇಕು? ಹುಬ್ಬೆತ್ತಿದರೆ ಮುಗಿಯಿತು. ನಾನು ಊರಿನವರಿಗೆಲ್ಲ ವಾಕಿಟಾಕಿಯ ಮಹಿಮೆ ವರ್ಣಿಸಿದೆ. ಮಾವ ಮರದ ಕೆಳಗೆ ಕೂತು ಮಣಿಸರ ತಿರುಗಿಸುತ್ತಾ ನೋಡುತ್ತಿದ್ದರು.

ಯಶಸ್ಸು ತಲೆಗೇರಿದರೆ ಮನುಷ್ಯ ಮರಗೆಲಸಕ್ಕೆ ಇಳಿಯುತ್ತಾನೆ. ಔತಣದ ಹಿಂದಿನ ದಿನ ಒಂದು ಭವ್ಯವಾದ ಹಲಗೆ ಮಾಡಿ, "ಕಪ್ತಾನ ದೂಕಾಸ್ ಕುಟುಂಬಕ್ಕೆ ಸ್ವಾಗತ" ಎಂದು ಬಣ್ಣದಲ್ಲಿ ಬರೆದೆ. ಕೊಲ್ಲಿಗೆಲ್ಲ ಕಾಣುವ ಜಾಗ ಒಂದೇ, ಅಡುಗೆಮನೆಯ ಕಿಟಕಿ. ಕದ ಮುಚ್ಚಿ, ಅದರ ಮೇಲೆ ಹಲಗೆ ಹೊಡೆದೆ. ಒಳಗೆ ಹೊಗೆ ಎಳೆಯುವ ಫ್ಯಾನಿನ ಗದ್ದಲವೂ ಹೊರಗೆ ಕೇಳದಂತಾಯಿತು!

ಮಾವ ಮೆಟ್ಟಿಲು ಹತ್ತಿ ಬಂದು ಚೀಟಿಯ ಮೇಲೆ ಬರೆದರು: "ಕಿಟಕಿ?"

"ಕಿಟಕಿ ಹಳೇ ಕಾಲದ್ದು, ಮಾವ! ಈಗ ಗಾಳಿಯಲ್ಲೇ ಮಾತು ಬರುತ್ತೆ."

ಮಾವನ ಹುಬ್ಬು ಮೇಲೇರಿತು, ಗದ್ದವೂ ಜೊತೆಗೆ ಏರಿತು. ಬೇಡ ಎಂದರ್ಥ. ಆದರೆ ಮಾತಾಡಬಾರದೆಂದು ವೈದ್ಯರೇ ಹೇಳಿದ ಮನುಷ್ಯನ ಹುಬ್ಬನ್ನು ನಾನೇಕೆ ಲೆಕ್ಕಕ್ಕಿಡಲಿ? ಅಷ್ಟೇ ಅಲ್ಲ, ಅತ್ತೆಗೆ ಹೊಸ ನಿಯಮವನ್ನೂ ಹೇಳಿದೆ: "ನಾಳೆ ಜನ ಜಾಸ್ತಿ, ಬ್ಯಾಟರಿ ಉಳಿಸಬೇಕು. ಕೇಳಿದ್ದಕ್ಕೆ ಉತ್ತರ ಬರದಿದ್ದರೆ 'ಸರಿ' ಅಂತ ಅರ್ಥ. ನೀವು ಕೇಳಿದರೂ ಅಷ್ಟೆ, ನಾನು ಕೇಳಿದರೂ ಅಷ್ಟೆ."

ಆ ನಿಯಮ ಮಾಡಿದ ನಾಲಗೆಯನ್ನು ಉಪ್ಪು ಹಾಕಿ ಒಣಗಿಸಬೇಕಿತ್ತು.

ಆಗಸ್ಟ್ ಇಪ್ಪತ್ತೊಂದು, ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಎಪ್ಪತ್ತು ಜನ ಎಂದಿದ್ದ ಕಪ್ತಾನ ದೂಕಾಸ್ ತೊಂಬತ್ತೈದು ಜನರನ್ನು ಕರೆತಂದ. ನೆಂಟರು ಅಂದ ಮೇಲೆ ಅವರಿಗೂ ನೆಂಟರು ಇರುತ್ತಾರಲ್ಲ! ಮಾತೆ ಮರಿಯಳ ಹಬ್ಬಕ್ಕೆಂದು ಹದಿನಾಲ್ಕು ದಿನ ಉಪವಾಸವಿದ್ದು, ಮೀನು ಮುಟ್ಟದೆ, ಬರೀ ಕಾಳು ತಿಂದು ಬಾಯಿ ಜಡ್ಡುಗಟ್ಟಿದ್ದ ಜನ. ಹಬ್ಬ ಮುಗಿದು ವಾರವಾದರೂ ಆ ಜಡ್ಡು ಬಿಟ್ಟಿರಲಿಲ್ಲ. ಮೊದಲ ಸುತ್ತಿನ ಬೂತಾಯಿ ಮೇಜಿಗೆ ಇಳಿದದ್ದೊಂದು ಕಂಡಿತು, ಮಾಯವಾದದ್ದು ಕಾಣಲಿಲ್ಲ.

"ತ್ರಿಫೋನ್, ಬೂತಾಯಿ ಇನ್ನೂ ಇದೆಯೇನಯ್ಯ?" ಎಂದ ಕಪ್ತಾನ.

ನಾನು ಸೊಂಟದಿಂದ ವಾಕಿಟಾಕಿಯನ್ನು ಕತ್ತಿಯಂತೆ ಸೆಳೆದೆ. "ಅತ್ತೆ, ಬೂತಾಯಿ ಮೂವತ್ತು ತಟ್ಟೆ ಇದೆಯಾ?"

ಟಿಕ್. ನಿಶ್ಶಬ್ದ.

"ಇದೆ, ಕಪ್ತಾನರೇ! ಮೂವತ್ತು ತಟ್ಟೆ!"

"ಆಕ್ಟೋಪಸ್?"

ಕೇಳಿದೆ. ಟಿಕ್. ನಿಶ್ಶಬ್ದ. "ಧಾರಾಳವಾಗಿದೆ!"

"ಬೊಂಡಾಸ್?"

ಟಿಕ್. "ರಾಶಿ ಬಿದ್ದಿದೆ! ಎಷ್ಟು ಬೇಕು ಹೇಳಿ!"

ತೊಂಬತ್ತೈದು ಗಂಟಲುಗಳಿಂದ ನನಗೆ ಜಯಕಾರ. ಊಜೊ ಮದ್ಯದ ಗ್ಲಾಸುಗಳು ಮೇಲೆದ್ದವು. ಕೀಲಿಕೈ ನನ್ನ ಜೇಬಿನಲ್ಲಿ ಆಗಲೇ ಕಿಣಿಕಿಣಿ ಎನ್ನುತ್ತಿತ್ತು! ಅಷ್ಟರಲ್ಲಿ ಅತ್ತೆಯ ಧ್ವನಿ ಬಂತು: "ತ್ರಿಫೋನ್, ಉಪವಾಸದಲ್ಲಿ ಉಳಿದ ಬೀನ್ಸ್ ಕಾಳು ದೊಡ್ಡ ಪಾತ್ರೆ ತುಂಬ ಬೇಯಿಸಿಟ್ಟಿದ್ದೀನಿ. ಅದನ್ನ ಕಳಿಸಲಾ?"

ಔತಣಕ್ಕೆ ಕಾಳೇ! ನಾನು ತಿರಸ್ಕಾರದಿಂದ ತಕ್ಕ ಉತ್ತರ ಕೊಟ್ಟು, ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿದೆ.

ಹತ್ತು ನಿಮಿಷ ಕಳೆಯಿತು. ಇಗ್ನಾತಿಯಾ ಮತ್ತು ಅವಳ ಇಬ್ಬರು ಸೋದರತ್ತೆಯರು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದರು. ಮತ್ತೆ ಹೋದರು, ಮತ್ತೆ ಬಂದರು. ತೊಂಬತ್ತೈದು ತಟ್ಟೆ. ತೊಂಬತ್ತೈದರಲ್ಲೂ ಬೀನ್ಸ್ ಕಾಳು!

ಪಾದ್ರಿಗಳು ಉಪವಾಸ ಇನ್ನೂ ಮುಗಿದಿಲ್ಲವೇನೋ ಎಂದು ಬೆರಳು ಮಡಚಿ ತಾರೀಖು ಎಣಿಸತೊಡಗಿದರು. ಕಪ್ತಾನ ದೂಕಾಸ್ ನಿಧಾನವಾಗಿ ಎದ್ದು ನಿಂತ.

"ತ್ರಿಫೋನ್, ನನ್ನ ಮೊಮ್ಮಗಳು ಇವತ್ತು ಕ್ರೈಸ್ತಳಾಗಿದ್ದಾಳೆ. ಅದಕ್ಕೆ ಊರಿಗೆಲ್ಲ ಶಿಕ್ಷೆ ಯಾಕಪ್ಪ?"

ಹನ್ನೊಂದು ಮೆಟ್ಟಿಲನ್ನು ಮೂರು ನೆಗೆತಕ್ಕೆ ಹತ್ತಿದೆ.

"ಅತ್ತೆ! ಬೂತಾಯಿ ಎಲ್ಲಿ?"

"ಇಲ್ಲ ಅಂದೆನಲ್ಲ."

"ಯಾವಾಗ ಅಂದ್ರಿ?"

"ನೀನು ಕೇಳಿದಾಗಲೆಲ್ಲ ಅಂದೆ. ಹೀಗೆ." ಅತ್ತೆ ವಾಕಿಟಾಕಿಯನ್ನು ಮುಖದ ಮುಂದೆ ಹಿಡಿದು, ಗುಂಡಿ ಒತ್ತಿ, ಅದನ್ನೇ ನೋಡುತ್ತಾ ಹುಬ್ಬೆತ್ತಿದರು. "ಮೂರನೇ ಸಲ ಜೋರಾಗಿಯೇ ಅಂದೆ." ಹುಬ್ಬು ಇನ್ನೂ ಎರಡು ಬೆರಳು ಮೇಲೇರಿ ತಲೆಯ ಬಟ್ಟೆಯೊಳಗೆ ಹೊಕ್ಕಿತು.

"ಅತ್ತೆ! ಹುಬ್ಬು ರೇಡಿಯೋದಲ್ಲಿ ಕೇಳಿಸಲ್ಲ!"

"ಮತ್ತೆ ಅಷ್ಟು ದುಡ್ಡು ಕೊಟ್ಟು ಯಾಕೆ ತಂದೆ?"

"ಹೋಗಲಿ, ಆ ಕಾಳು ಯಾಕೆ ಕಳಿಸಿದ್ರಿ?"

"ಕಳಿಸಲಾ ಅಂತ ಕೇಳಿದೆ. ನೀನು ಸುಮ್ಮನಿದ್ದೆ. ಸುಮ್ಮನಿದ್ರೆ ಸರಿ ಅಂತ ನೀನೇ ಹೇಳಿದ್ದೆ."

"ಸುಮ್ಮನೆಲ್ಲಿದ್ದೆ? ಸ್ಪಷ್ಟವಾಗಿ ಬೇಡ ಅಂತ..." ಎನ್ನುತ್ತಾ ನಿಂತುಬಿಟ್ಟೆ.

ಇಗ್ನಾತಿಯಾ ಖಾಲಿ ತಟ್ಟೆಗಳನ್ನು ಕೆಳಗಿಟ್ಟಳು. "ಹೇಳು, ಹೇಳು. ಏನಂತ ಉತ್ತರ ಕೊಟ್ಟೆ?"

ನಾನು ನನ್ನ ಹಣೆ ಮುಟ್ಟಿ ನೋಡಿಕೊಂಡೆ. ಹುಬ್ಬುಗಳು ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ.

"ಸಂಪರ್ಕ ದಳ!" ಎಂದಳು ನನ್ನ ಹೆಂಡತಿ. "ಆಲೂಗಡ್ಡೆಗಳೇ ವಾಸಿ!"

ಅಷ್ಟರಲ್ಲಿ ಹೊರಗೆ ದಡಾರೆಂದು ಶಬ್ದವಾಯಿತು. ನನ್ನ ಭವ್ಯ ಹಲಗೆ ರಸ್ತೆಗೆ ಬಿದ್ದಿತ್ತು. ಮಾವ ಸುತ್ತಿಗೆ ಬಿಸಾಡಿ, ನೀಲಿ ಕದ ತೆರೆದು, ಮೆಟ್ಟಿಲಿಳಿದು ಮೂರನೇ ಮರದ ಕಡೆ ನಡೆದರು. ವೈದ್ಯರ ಮಾತು ಎಲ್ಲರಿಗೂ ಗೊತ್ತಿತ್ತು. "ಬೇಡ ಮಾವ, ಕೂಗಬೇಡಿ! ಕೀ ಬೇಡ ನನಗೆ!" ಎನ್ನುತ್ತಾ ಓಡಿ ಅವರ ಎದುರು ನಿಂತೆ. ಕೀ ಹಾಳಾಗಲಿ, ಬಾತುಕೋಳಿ ಬರಲಿ, ಆ ಕಂಠ ಹೋಗುವುದು ಬೇಡ!

ಮಾವ ಕೂಗಲಿಲ್ಲ. ಬಾಯಿ ತೆರೆಯಲೂ ಇಲ್ಲ. ಕಡಲ ಕಡೆ ತಿರುಗಿ ಎರಡೂ ಕೈ ಎತ್ತಿ, ಒಂದು ಸಲ ಅಡ್ಡ ಬೀಸಿ, ಮೂರು ಬೆರಳು ತೋರಿಸಿದರು. ದೂರದಲ್ಲಿ ಲಂಗರು ಹಾಕಿದ್ದ ದೋಣಿಯೊಂದು ತಟ್ಟನೆ ಎಂಜಿನ್ ಶುರುಮಾಡಿ ಮೂರು ಪೆಟ್ಟಿಗೆ ಬೂತಾಯಿ ತಂದು ದಂಡೆಗೆ ಇಳಿಸಿತು. ಆಮೇಲೆ ಕಿಟಕಿಯ ಕಡೆ ತಿರುಗಿದರು. ಎಡಗೈ ಎದೆಗೆ, ಬಲಗೈಯಲ್ಲಿ ನಾಲ್ಕು ಬೆರಳು, ಒಂದು ಬೀಸು, ಒಂದು ತಿರುವು. ಕಿಟಕಿಯಲ್ಲಿ ಅತ್ತೆಯ ತಲೆ ಬಾಗಿತು. ಅರ್ಧ ಗಂಟೆಯಲ್ಲಿ ತೊಂಬತ್ತೈದು ಜನರ ಬಾಯಲ್ಲೂ ಮೀನು. ಕಪ್ತಾನ ದೂಕಾಸ್ ಕುಣಿದ. ಪಾದ್ರಿಗಳು ಮಾತ್ರ ಯಾವುದಕ್ಕೂ ಇರಲಿ ಎಂದು ಕಾಳನ್ನೂ ಮುಗಿಸಿದರು.

ಆ ವಾಕಿಟಾಕಿಗಳು ಈಗಲೂ ನಮ್ಮ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿ, ಬಾಟಲಿ ಓಪನರುಗಳ ಜೊತೆ ಮಲಗಿವೆ. ಅತ್ತೆ ಹೋಗಿ ಹನ್ನೆರಡು ವರ್ಷ, ಮಾವ ಹೋಗಿ ಒಂಬತ್ತು. ಕಿಟಕಿಯ ಹಿಂದೆ ಈಗ ಇಗ್ನಾತಿಯಾ ಇದ್ದಾಳೆ. ಮೂರನೇ ಮರದ ಕೆಳಗೆ ನಾನಿದ್ದೇನೆ. ಅಲ್ಲಿಂದ ಮಾತ್ರ ಕೊಂಬೆ ಅಡ್ಡ ಬರದೆ ಒಲೆಯ ಮುಂದಿನ ಮುಖ ಪೂರ್ತಿ ಕಾಣುತ್ತದೆ ಎಂದು ನನಗೆ ತಿಳಿದದ್ದು ಆ ದಿನವೇ. ಕೆಲವೊಮ್ಮೆ ಸಂಜೆ ಗಿರಾಕಿ ಕಡಿಮೆ ಇದ್ದಾಗ, ಆರ್ಡರ್ ಇಲ್ಲದಿದ್ದರೂ ಒಂದು ಸಲ ಕೈ ಎತ್ತಿ ನೋಡುತ್ತೇನೆ. ಅವಳು ಹುಬ್ಬೆತ್ತುತ್ತಾಳೆ.

ಔತಣದ ದಿನ ನಾಲ್ಕು ಗಂಟೆಗೆ ಜನ ಕರಗಿದ ಮೇಲೆ ಮಾವ ನನ್ನನ್ನು ಎದುರು ಕೂರಿಸಿಕೊಂಡು ಕಾಫಿ ತರಿಸಿದರು. ನಾನು ತಲೆ ತಗ್ಗಿಸಿ ಬಾತುಕೋಳಿಗಳಿಗೆ ಸಿದ್ಧನಾದೆ. ಅವರು ಜೇಬಿನಿಂದ ಕೀ ತೆಗೆದು ನನ್ನ ಕಪ್ಪಿನ ಪಕ್ಕದಲ್ಲಿಟ್ಟರು.

"ಕೀ ಬೇಡ ಅಂತ ಓಡಿ ಬಂದೆಯಲ್ಲ, ಅದಕ್ಕೆ," ಎಂದರು, ಎರಡು ತಿಂಗಳ ಮೇಲೆ ಮೊದಲ ಸಲ, ಪಿಸುಮಾತಿನಲ್ಲಿ. "ಕೈಸನ್ನೆ ಚಳಿಗಾಲದಲ್ಲಿ ನಿಮ್ಮತ್ತೆ ಕಲಿಸ್ತಾಳೆ."

ನನ್ನ ಕಣ್ಣು ತುಂಬಿತು. ಕೀಯನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದೆ: "ಮಾವ, ಹಾಗಾದ್ರೆ ಅತ್ತೆಗೆ ನಿಮ್ಮ ಕೂಗು ಕೇಳಿಸ್ತಿರಲಿಲ್ವಾ?"

"ಆ ಫ್ಯಾನಿನ ಶಬ್ದದಲ್ಲಾ? ಒಂದು ದಿನವೂ ಕೇಳಿಸಿಲ್ಲ."

"ಮತ್ತೆ ಇಪ್ಪತ್ತಾರು ವರ್ಷ, ಟರ್ಕಿಗೆ ಕೇಳಿಸೋ ಹಾಗೆ, ಹಡಗು ನಿಲ್ಲೋ ಹಾಗೆ, ಅಷ್ಟು ಜೋರಾಗಿ ಯಾಕೆ ಕೂಗ್ತಿದ್ರಿ?"

ಮಾವ ನನ್ನ ಬಾಯನ್ನೇ ಭಕ್ತಿಯಿಂದ ನೋಡುತ್ತಿದ್ದರು. ನಾನು ಮಾತು ಮುಗಿಸಿದ ಮೇಲೆ ಕಾಫಿಯ ಕೊನೆಯ ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

"ನನಗೆ ಕಿವಿ ಮಂದ, ಅಳಿಯ. ಮೆಲ್ಲಗೆ ಮಾತಾಡಿದ್ರೆ ನನಗೇ ಕೇಳಿಸಲ್ಲ."