ಸಮುದ್ರಕ್ಕ ಹಚ್ಚಿದ ಪಾಳಿ

ನಮ್ಮ ಏಕಸಂಬಿಯಿಂದ ಕ್ಯಾರವಾನ್ ತಗೊಂಡು ಪ್ರವಾಸಕ್ಕ ಹೊಂಟ ಮೊದಲನೇ ಜೋಡಿ ನಾವ. ನಿಪ್ಪಾಣಿಯೊಳಗ ಬಾಡಿಗಿಗೆ ಹಿಡದಿದ್ದೆ. ಒಳಗ ಹಾಸಿಗಿ, ಗ್ಯಾಸಿನ ಒಲಿ, ಮ್ಯಾಲೆ ಟಪ್ಪಿಗೆ, ಅಂದರ ಗಾಡಿ ಛಾವಣಿಗೆ, ಒಂದು ಕಿಡಕಿ ಬ್ಯಾರೆ. ಐವತ್ತು ದಾಟಿದರೂ ನಾನಾಗಲಿ, ಹೆಂಡತಿ ಕಸ್ತೂರಿಯಾಗಲಿ ಸಮುದ್ರ ನೋಡಿರಲಿಲ್ಲ. ಸೂರ್ಯ ನೀರಾಗ ಮುಳುಗೂದನ್ನ ಇಬ್ಬರೂ ಕೂಡೇ ನೋಡೂಣು ಅಂತ ಆಕಿಗೆ ಮಾತು ಕೊಟ್ಟಿದ್ದೆ. ಮರುದಿನ ಮಧ್ಯಾಹ್ನ ಗಾಡಿ ವಾಪಸ್ ಕೊಡಬೇಕಿತ್ತು. ಅಂದರ ನಮ್ಮ ಕೈಯಾಗ ಇದ್ದದ್ದು ಒಂದ ಸಂಜಿ.

ಆಂಬೋಲಿ ಘಾಟ ಇಳದು, ಮೂರು ಗಂಟೆ ಸುಮಾರಿಗೆ ಕೊಂಕಣದ ಒಂದು ಹಳೇ ಬಂದರಿನ ಊರು ಮುಟ್ಟಿದ್ವಿ. ಒಂದು ಬಾಜೂ ಹಳೇ ಕೋಟಿ ಗ್ವಾಡಿ, ಇನ್ನೊಂದು ಬಾಜೂ ಕೆಂಪು ಅದಿರಿನ ಗಣಿ. ನಡುವಿನ ರಸ್ತೆದಾಗ ನೋಡತೇನಿ, ಕಣ್ಣು ಹರಿಯೂತನಕ ಗಾಡಿ ಪಾಳಿ! ನಮ್ಮ ಕಡೆ ಕಬ್ಬಿನ ಹಂಗಾಮಿನ್ಯಾಗ ಫ್ಯಾಕ್ಟರಿ ಮುಂದ ಪಾಳಿ ಕಂಡರ ಮೊದಲು ಗಾಡಿ ಮೂತಿ ತುರುಕಬೇಕು, ಯಾಕ ಅಂತ ಆಮ್ಯಾಲೆ ಕೇಳಬೇಕು. ಕೇಳಿಕೋತ ನಿಂತರ ನಂಬರ್ ಹೋತು. ನಾನೂ ತುರುಕಿದೆ.

"ಏನ್ರಿ, ಇವೆಲ್ಲಾ ಲಾರಿ ಅದಾವಲ್ರಿ?" ಅಂದಳು ಕಸ್ತೂರಿ.

"ಲಾರಿಯವರು ಸಮುದ್ರ ನೋಡಬಾರದೇನ? ಪಾರ್ಕಿಂಗಿಗೆ ಪಾಳಿ ಐತಿ."

"ಯಾರನ್ನರ ಒಂದ್ ಮಾತು ಕೇಳ್ರಿ."

"ಎರಡೆರಡು ದಿನ ಕಬ್ಬಿನ ಪಾಳ್ಯಾಗ ಕಳದಾಂವ ನಾ. ನನಗ ಪಾಳಿ ಕಲಿಸಾಕ ಬರತಿ?"

ಒಬ್ಬ ಡ್ರೈವರ್ ನಡುವ ನುಗ್ಗಾಕ ನೋಡಿದ. ಮರಾಠಿಯೊಳಗ ಚಲೋತ್ನಂಗ ಬೈದೆ. ಅಂವ ನನ್ನ ಗಾಡೀನ ಮ್ಯಾಲಿಂದ ಕೆಳಗ ನೋಡಿ, ನಕ್ಕು, ಜಾಗಾ ಬಿಟ್ಟ. ನನ್ನ ದರ್ಪಕ್ಕ ಅಂಜಿದ ಅಂತ ತಿಳಕೊಂಡೆ.

ಐದು ಗಂಟೇಕ ಕಸ್ತೂರಿ ಚಪ್ಪಲ್ ಮೆಟ್ಟಿದಳು. "ನಾ ನಡಕೋತ ಹೊಂಟೆ. ಬರತೀರೇನು?"

"ಇಷ್ಟು ಮುಂದ ಬಂದು ಪಾಳಿ ಬಿಡೂದಾ? ನೀ ಹೋಗಿ ಜಾಗಾ ಹಿಡಿ, ಗಾಡಿ ಹಚ್ಚಿ ಬಂದೆ."

ಕಡೀಕ ನನ್ನ ನಂಬರ್ ಬಂತು. ಗೇಟ್ ತಗದರು. ಗಾಡಿ ಒಂದು ಕಬ್ಬಿಣದ ಹಲಗಿ ಮ್ಯಾಲೆ ಹತ್ತಿತು. ಗಪ್ಪನ ಬ್ರೇಕ್ ಒತ್ತಿದೆ. ಈ ಹಲಗಿ ನನಗ ಗುರ್ತೈತಿ. ಇದು ಲಾರಿ ತೂಗೂ ಕಾಟಾ! ಕಾಟಾದ ಆಫೀಸಿನ ಕಿಡಕಿಯಿಂದ ಒಂದು ಕೈ ಬಂದು ಖಾಲಿ ತೂಕದ ಚೀಟಿ ಕೊಟ್ಟು ಮಾಯ ಆತು. ಹಿಂದಿನ ಲಾರಿ ಹಾರ್ನ್ ಹೊಡದು ಹೊಡದು ನನ್ನ ಒಳಗ ದಬ್ಬಿತು.

ಒಳಗ ಸಮುದ್ರ ಇರಲಿಲ್ಲ. ಅದಿರಿನ ಗುಡ್ಡ ಇದ್ದವು. ತಲಿ ಎತ್ತಿ ನೋಡಿದರ, ತುಂಬಿದ ಲೋಡರಿನ ಬಕೆಟ್ ನಮ್ಮ ಟಪ್ಪಿನ ಮ್ಯಾಲೆ ಬಂದು ನಿಂತೈತಿ.

"ಅಯ್ಯಯ್ಯೋ, ಒಳಗ ಹಾಸಿಗಿ ಐತೋ ಮಾರಾಯಾ!" ಅಂತ ಜಿಗದೆ.

ಲೋಡರ್ ನಡಸಾಂವ ನಿಲ್ಲಿಸಿದ. ಆದರ ಎರಡು ಬುಟ್ಟಿಯಷ್ಟು ಮಣ್ಣು ಆಗಲೇ, ಗಾಳಿಗಂತ ತಗದಿಟ್ಟಿದ್ದ ಟಪ್ಪಿನ ಕಿಡಕಿಯಿಂದ ಬಿಳೀ ಚಾದರ ಮ್ಯಾಲೆ ಬಿದ್ದಿತ್ತು. ಕೆಳಗಿಳದು ಬಂದು ಒಳಗ ಇಣುಕಿದ. ಹಾಸಿಗಿ ನೋಡಿದ, ಒಲಿ ನೋಡಿದ, ಆಮ್ಯಾಲೆ ನನ್ನ ನೋಡಿದ.

"ಕಾಕಾ, ಇಲ್ಲಿಗೆ ಯಾಕ ಬಂದ್ರಿ?" ಅಂತ ಮರಾಠಿಯೊಳಗ ಮೆತ್ತಗ ಕೇಳಿದ.

"ಸೂರ್ಯ ಮುಳುಗೂದು ನೋಡಾಕ."

ಅಂವ ಪಾಪ, ನಗಲಿಲ್ಲ. ಅದಿರಿನ ಗುಡ್ಡದ ಹಿಂದ ಕೈ ಮಾಡಿದ. ಅಲ್ಲಿ ಸೂರ್ಯ ಆಗಲೇ ಮುಳಗಾಕತ್ತಿದ್ದ. ಹೊರಗ ಹೋಗಾಕ ಮತ್ತ ಪಾಳಿ.

ಗೇಟಿನ ಹೊರಗ ಕಸ್ತೂರಿ ನಿಂತಿದ್ದಳು. ಸೀರಿ ಅಂಚು ತೊಯ್ದಿತ್ತು.

"ನೀವು ಬರತೀರಂತ ಬಾಜೂಕ ಜಾಗಾ ಹಿಡಕೊಂಡ ಕುಂತಿದ್ದೆ," ಅಂದಳು. ಜಗಳಾ ಮಾಡಿದ್ದರ ಸುಖ ಇತ್ತು. ನನಗ ಭಾಳ ಕೆಟ್ಟ ಅನಸಿತು.

ಈಗ ಊರಾಗ ಯಾರು ಕೇಳಿದರೂ ಆಕಿ ಸಮುದ್ರದ ತೆರಿ ಹೆಂಗ ಬರತಾವ, ನೀರಾಗ ಸೂರ್ಯ ಹೆಂಗ ಕರಗತಾನ ಅಂತ ಕೈ ಮಾಡಿ ಮಾಡಿ ಹೇಳತಾಳ. ಎಲ್ಲಾ ಕೇಳಿ, ನನ್ನ ಕಡೆ ತಿರಗತಾರ. "ನೀವೇನು ನೋಡಿದ್ರಿ?"

"ಖಾಲಿ ಗಾಡಿ ಮೂರು ಟನ್ ನಲವತ್ತು ಕಿಲೋ," ಅಂತೇನಿ. "ಬೇಕಾದರ ಚೀಟಿ ಐತಿ, ನೋಡ್ರಿ."