ಕಣದ ಹುಣಸೆ ಮತ್ತು ಷಡ್ಡಕನ ಕಂಬಿ

ನನ್ನ ಷಡ್ಡಕ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ನೆಲದ ಯೋಗಕ್ಷೇಮ; ಮನುಷ್ಯರದು ಆಮೇಲೆ! ಷಡ್ಡಕ ಎಂದರೆ ನಾದಿನಿಯ ಗಂಡ. ದೇವರು ಗಂಡಸಿಗೆ ಹೊಟ್ಟೆ ಕೊಟ್ಟದ್ದು ಉಣ್ಣುವುದಕ್ಕೆ, ಷಡ್ಡಕನನ್ನು ಕೊಟ್ಟದ್ದು ಆ ಹೊಟ್ಟೆ ಉರಿಸುವುದಕ್ಕೆ.

ಅವನ ಊರು ಪಾವಗಡ ಕಡೆಯ ವೈ.ಎನ್. ಹೊಸಕೋಟೆ. ಕೆಲಸ ದೂರದ ಗೋದಾವರಿ ಸೀಮೆಯ ಕಲ್ಲಿದ್ದಲು ಗಣಿಯಲ್ಲಿ. ಇದ್ದಲು ತೆಗೆಯುತ್ತಾನೆಯೇ? ಇಲ್ಲ. ಇದ್ದಲಿನ ಮೇಲಿದ್ದ ಮಣ್ಣು, ಕಲ್ಲು ಬಗೆದು ಪಕ್ಕದಲ್ಲಿ ಗುಡ್ಡ ಹಾಕುತ್ತಾರಂತೆ. ಲಾರಿಗಳು ಓಡಾಡಿ ಆ ಮಣ್ಣು ಬಿಗಿದುಕೊಳ್ಳುತ್ತದಂತೆ. ಅಲ್ಲಿ ಗಿಡ ನೆಡುವ ಮೊದಲು ಇವನು ಮೊನಚಾದ ಕಂಬಿಯೊಂದನ್ನು ಒತ್ತಿ, ಬೇರು ಇಳಿದೀತೋ ಇಲ್ಲವೋ ಎಂದು ಅಳೆದು ಬರೆಯಬೇಕು. ಕಸದ ಗುಡ್ಡಕ್ಕೆ ಚುಚ್ಚುವ ಕೆಲಸ! ಮಧುಗಿರಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ಗಂಟಲು ಹರಿದುಕೊಂಡ ನನಗಿಲ್ಲದ ಮರ್ಯಾದೆ, ಕೊಡಿಗೇನಹಳ್ಳಿಯ ಮಾವನ ಮನೆಯಲ್ಲಿ ಈ ಚುಚ್ಚುವವನಿಗೆ.

ಗಣಿಯ ಕಂಬಿಗೆ ಮಣ್ಣಿನ ಬಿಗಿ ತೋರಿಸುವ, ಗಡಿಯಾರದಂಥ ಮುಳ್ಳಿದೆ. ಅದನ್ನು ಹೊರಗೆ ತರುವಂತಿಲ್ಲವೆಂದು ಕುಲುಮೆಯಲ್ಲಿ ಇನ್ನೊಂದು ಕಂಬಿ ಮಾಡಿಸಿ ಮಾವನ ಮನೆಯ ಅಟ್ಟದಲ್ಲಿಟ್ಟಿದ್ದಾನೆ.

"ಇದಕ್ಕೆ ಮುಳ್ಳೇ ಇಲ್ವಲ್ಲಯ್ಯ?" ಅಂದೆ.

"ಮುಳ್ಳು ನನ್ ಅಂಗೈಯಾಗೇ ಐತಣ್ಣಾ!"

ಹಬ್ಬಕ್ಕೆ ಬಂದರೆ ಅಂಗಳ, ಕೊಟ್ಟಿಗೆ, ತಿಪ್ಪೆ, ಎಲ್ಲಕ್ಕೂ ಚುಚ್ಚುತ್ತಾನೆ. ಊಟಕ್ಕೆ ಕೂತರೆ ಮುದ್ದೆಗೂ ಬಿಡುವಿಲ್ಲ. ತೋರುಬೆರಳಿನಿಂದ ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ, "ಅತ್ತೇ, ಲಾರಿ ಹತ್ತದಿರೋ ಮಣ್ಣು ಇದ್ದಂಗೈತೆ!" ಎನ್ನುತ್ತಾನೆ. ಮುದ್ದೆಯನ್ನು ಮಣ್ಣು ಅಂದವನಿಗೆ ಎರಡು ಚಮಚ ತುಪ್ಪ! ಹದಿಮೂರು ವರ್ಷದಿಂದ "ಮುದ್ದೆ ಅಮೃತ, ಅತ್ತೆ" ಎನ್ನುತ್ತಿರುವ ನನಗೆ ಒಂದೇ ಚಮಚ. ಇದು ಯಾವ ಸೀಮೆಯ ನ್ಯಾಯ, ನೀವೇ ಹೇಳಿ?

ಕೊರಟಗೆರೆಯ ಮದುವೆಯೊಂದರಲ್ಲಿ ಚಪ್ಪರದ ಮೂಲೆಯನ್ನು ಹಿಮ್ಮಡಿಯಿಂದ ಒತ್ತಿ ನೋಡಿ, "ಇಲ್ಲಿ ಯಾರೋ ಗುಂಡಿ ಮುಚ್ಚವ್ರೆ. ತೂಕದ ಜನ ಇಲ್ಲಿ ಕೂರ್ಬ್ಯಾಡಿ" ಎಂದು ಸಾರಿದ. ಅವನ ಮಾತು ಸುಳ್ಳು ಮಾಡಲೇಬೇಕೆಂದು ನಾನು ಅಲ್ಲೇ ಕುರ್ಚಿ ಹಾಕಿಸಿಕೊಂಡೆ. ಪಾಯಸ ಬರುವ ಹೊತ್ತಿಗೆ ಕುರ್ಚಿಯ ಹಿಂಗಾಲು ಮೊಣಕಾಲುದ್ದ ಇಳಿದು, ನಾನು ಆಕಾಶ ನೋಡುತ್ತ ಮಲಗಿದ್ದೆ! ನನ್ನನ್ನು ಎತ್ತಿದವರೆಲ್ಲ ಹೊಗಳಿದ್ದು ಅವನನ್ನು.

ಅವನೆದುರು ನನಗಿದ್ದ ಮಾನವೆಂದರೆ ಒಂದೇ ಒಂದು ಹುಣಸೆಮರ. ಮಗಳ ನಾಮಕರಣದ ದಿನ ಮಾವನ ಮನೆಯ ಹಿತ್ತಲಲ್ಲಿ ನಾನೇ ನೆಟ್ಟದ್ದು. ಎಲ್ಲಿ ನೆಟ್ಟೆ ಗೊತ್ತೇ? ಜಾಗ ಚೊಕ್ಕಟವಾಗಿದೆ, ಕಳೆಯಿಲ್ಲ ಎಂದು ಹಳೇ ಕಣದ ನಟ್ಟನಡುವೆ! ಮೂರು ತಲೆಮಾರು ಸಗಣಿ ಸಾರಿಸಿ, ರೋಣುಗಲ್ಲು ಉರುಳಿಸಿ, ರಾಗಿ ಒಕ್ಕಿದ ನೆಲ. ಪೇಟೆಯ ಅಳಿಯನಿಗೆ ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ನಾಲ್ಕು ವರ್ಷ ಗಿಡ ಮೊಣಕಾಲು ದಾಟಲಿಲ್ಲ. ಅತ್ತೆ ನಿಟ್ಟುಸಿರಿಡುತ್ತಿದ್ದರು: "ಅಳಿಯಂದ್ರ ಕೈಗುಣ, ಏನ್ ಮಾಡಾದು ಬುಡಿ."

ಆಮೇಲೆ ಷಡ್ಡಕ ಈ ಮನೆಯ ಅಳಿಯನಾಗಿ ಬಂದ. ಮರುವರ್ಷ ಗಿಡ ಚಿಗುರಿತು! ಆರು ವರ್ಷದಲ್ಲಿ ಸೂರು ದಾಟಿತು. ಮಗಳು ಅದರ ಕೆಳಗೆ ಕುಣಿದಳು. "ಅಳಿಯಂದ್ರ ಕೈಗುಣ ತಡವಾಗಿ ಎದ್ದೈತೆ ಕಣಮ್ಮ" ಎಂದು ಅತ್ತೆ ನೆರೆಯವರಿಗೆ ತೋರಿಸಿದರು. ನಾನು ಅವನ ಮುಂದೆ ಕೊಚ್ಚಿಕೊಂಡೆ: "ನೀನು ಚುಚ್ಚಿ ಅಳೆದೇ ಅಳೆದೆ. ಬೆಳೆಸಿದ್ದು ಯಾರಯ್ಯ?" ಅವನು ನಗುತ್ತ, "ನೀವೇ ಅಣ್ಣಾ" ಅಂದ.

ಈ ಯುಗಾದಿಗೆ ಅವನಿಗೆ ರಜೆ ಸಿಗಲಿಲ್ಲ. ಹಬ್ಬದ ಬೆಳಿಗ್ಗೆ ಮಾವನ ಮನೆಯಲ್ಲಿದ್ದ ನನಗೆ ಅವನ ಫೋನು.

"ಅಣ್ಣಾ, ಅತ್ತೇಗೆ ಹೇಳ್ಬ್ಯಾಡಿ. ಅಟ್ಟದಾಗೆ ಕಂಬಿ ಐತೆ. ಹುಣಸೆ ಸುತ್ತ ಈ ವರ್ಸದ ತೂತು ಹೊಡ್ದು ಗೊಬ್ಬರ ತುಂಬ್ಬುಡಿ. ಹೋದ ಸಲ ಎರಡು ಮಾರು ದೂರಕ್ಕೆ ಬಂದಿದ್ದೆ, ಅಲ್ಲಿಂದಾಚೆ ಇನ್ನೂ ಬಿಗಿ ಐತೆ."

"ಯಾವ ತೂತಯ್ಯ?"

ಅವನಿಗೆ ಗುಟ್ಟು ಬಿಡದೆ ಬೇರೆ ದಾರಿಯಿರಲಿಲ್ಲ. ಮೆಲ್ಲಗೆ ಹೇಳಿದ. ಪ್ರತಿ ಹಬ್ಬಕ್ಕೂ, ನಾನು ಏಳುವ ಮೊದಲೇ ಎದ್ದು, ಗಿಡದ ಸುತ್ತ ಕಂಬಿ ಹೊಡೆದು ಕಣದ ಬಿಗಿ ಬಿಡಿಸುತ್ತಿದ್ದನಂತೆ.

"ಮತ್ತೆ ಯಾಕಯ್ಯ ಹೇಳ್ಲಿಲ್ಲ?"

"ಅಪ್ಪ ನೆಟ್ಟಿದ್ದು ಬಂತು ಅಂತ ಪಾಪು ಅಂಗೆ ಕುಣೀತಿದ್ರೆ ಹೆಂಗೆ ಹೇಳಾದಣ್ಣಾ? ಗಣಿಯಾಗೆ ಒಂದು ಗುಡ್ಡ ಅಳೆಯೋದ್ರಾಗೆ ಇನ್ನೊಂದಕ್ಕೆ ಕಳಿಸ್ಬುಡ್ತಾರೆ. ಗಿಡ ಬಂತೋ ಸತ್ತೋಯ್ತೋ, ಹೋಗಿ ನೋಡಕ್ಕಾಗಲ್ಲ. ನಾನು ಅಳೆದ ನೆಲದಾಗೆ ಬೆಳ್ದಿದ್ದು ಕಣ್ಣಾರೆ ನೋಡಿರೋ ಮರ ಇದೊಂದೇ."

ಫೋನಿಟ್ಟು ಕಂಬಿ ಇಳಿಸಿದೆ. ಮರದ ಬುಡದ ಹತ್ತಿರ ಒತ್ತಿದೆ. ಅದು ಸರಾಗವಾಗಿ ಇಳಿಯಿತು. ಎರಡು ಮಾರು ಆಚೆ ಒತ್ತಿದೆ. ಅಂಗೈ ಉರಿಯಿತೇ ಹೊರತು ಕಂಬಿ ಇಳಿಯಲಿಲ್ಲ. ಇದನ್ನು ಆರು ವರ್ಷ ಹೊಡೆದಿದ್ದಾನೆ.

ಅತ್ತೆ ಹಿತ್ತಲಿಗೆ ಬಂದರು. "ಇದೇನ್ ಅಳಿಯಂದ್ರೇ, ನಿಮಗೂ ಹಿಡೀತಾ ಆ ಹುಚ್ಚು?"

"ಈ ಮರ ನನ್ನ ಕೈಗುಣದ್ದಲ್ಲ ಅತ್ತೆ, ಅವನದು" ಎಂದು ಎಲ್ಲವನ್ನೂ ಹೇಳಿದೆ. ಅವರು ಮರವನ್ನೊಮ್ಮೆ, ಕೆಂಪಾದ ನನ್ನ ಅಂಗೈಯನ್ನೊಮ್ಮೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮಧ್ಯಾಹ್ನ ನನ್ನ ಮುದ್ದೆಗೆ ಎರಡನೆಯ ಚಮಚ ತುಪ್ಪ ಬಿತ್ತು. ಹದಿಮೂರು ವರ್ಷ ಕಾದ ತುಪ್ಪ! ಆದರೆ ಪಕ್ಕದಲ್ಲಿ ಅವನ ಎಲೆ ಇರಲಿಲ್ಲ.