ಬಣ್ಣ ಹಾರಿಸೋ ಮಶೀನು ಮನೆಗೆ ಬಂದ ಮೇಲೆ

ಗೋಡೆಗೆ ಬಣ್ಣ ಹಚ್ಚುವವರ ಮನೆಯಲ್ಲಿ ನಗೆಪಾಟಲಿಗೆ ಬರವಿಲ್ಲ ನೋಡ್ರಿ; ಒಂದು ಕೋಟು ಒಣಗುವುದರೊಳಗೆ ಇನ್ನೊಂದು ಬಿದ್ದಿರುತ್ತದೆ. ನಗುವಾಗ ನಗುತ್ತೇವೆ. ಆಮೇಲೆ ಎದೆಯೊಳಗೆ ಸುಣ್ಣ ಅರಳಿದಂಗೆ ಕುದಿಯುತ್ತದೆ, ಅದು ಬೇರೆ ಮಾತು.

ನಾವು ಬೀದರ ಕಡೆಯವರು. ನಾಸಿಕಕ್ಕೆ ಬಂದು ನಲವತ್ತು ವರ್ಷವಾಯಿತು. ನಮ್ಮವರು, ಅಂದರೆ ನನ್ನ ಗಂಡ, ಬ್ರಶ್ಶು ಹಿಡಿದೇ ಮುದುಕರಾದವರು. ಬಣ್ಣ ಕಲಸುವುದು, ಸೋಸುವುದು ನನ್ನ ಪಾಲು. ಈಗ ಗುತ್ತಿಗೆ ಹಿಡಿಯುವವನು ಮಗ. ದಿನಾ ಬೆಳಿಗ್ಗೆ ಅವನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಅಪ್ಪ ಕೂತು ಹೋಗುವುದು, ನಾನು ಬುತ್ತಿ ಕಟ್ಟಿಕೊಂಡು ಶೇರ್ ರಿಕ್ಷಾದಲ್ಲಿ ಹಿಂದಿಂದೆ. ಆ ಸೀಟು ಇರುವತನಕ ತಾನು ಕೆಲಸದ ಮನುಷ್ಯ ಅಂತ ನಮ್ಮವರು ತಿಳಿದಿದ್ದರು.

೧. ಸೀಟು

ಮಗ ಮೊಬೈಲಿನಲ್ಲಿ ಬಣ್ಣ ಹಾರಿಸೋ ಮಶೀನು ನೋಡಿ ನೋಡಿ ತಲೆ ಕೆಡಿಸಿಕೊಂಡ. ಗಾಳಿ ಬೆರೆಸದೆ ಬಣ್ಣವನ್ನೇ ಒತ್ತಿ ಸಣ್ಣ ತೂತಿನಿಂದ ಚಿಮ್ಮಿಸುತ್ತದಂತೆ, ಅದಕ್ಕೇ ಏರ್‌ಲೆಸ್ ಅಂತ ಹೆಸರು. ಕೊಳ್ಳುವುದಕ್ಕೆ ಸಾತಪುರದ ಒಂದು ಅಂಗಡಿಗೆ ಎಲ್ಲರೂ ಹೋದೆವು.

ನಮ್ಮವರು ಅಂಗಡಿಯವನನ್ನು ಕೇಳಿದರು: "ಮಜ್ಜಿಗಿಯಂಥಾ ಬಣ್ಣಾ ಕುಡೀತದ, ಖರೆ. ಹೊರಗಿನ ಗ್ವಾಡಿಗೆ ಹಚ್ಚೋದು ಇಡ್ಲಿ ಹಿಟ್ಟಿನಂಗ ಗಟ್ಟಿ ಇರ್ತದ. ಅದನ್ನ ಎಳೀತದೇನ್ರಿ?"

ಅಂಗಡಿಯವನು ಸತ್ಯವಂತ. "ಕಾಕಾ, ಬರೋಬರ್ ಕೇಳಿದ್ರಿ. ಗಟ್ಟಿ ಬಣ್ಣಕ್ಕ ಈ ದೊಡ್ಡದೇ ಬೇಕು. ಸಣ್ಣದು ಒಳಗಿನ ಗ್ವಾಡಿಗೆ."

ಮಗ ದೊಡ್ಡದನ್ನು ಎತ್ತಿ ನೋಡಿದ, ಸಣ್ಣದನ್ನೂ ಎತ್ತಿ ನೋಡಿದ. ಹೊರಗೆ ಹೋಗಿ ಸ್ಕೂಟರಿನ ಸೀಟನ್ನು ಗೇಣು ಹಾಕಿ ಅಳೆದು ಬಂದ.

"ಸಣ್ಣದೇ ಕೊಡ್ರಿ. ದೊಡ್ಡದು ಸೀಟಿನ ಮ್ಯಾಲ ಕೂಡಂಗಿಲ್ಲ."

ಹಗ್ಗ ಬಿಗಿದು ಅದನ್ನು ಹಿಂದಿನ ಸೀಟಿಗೆ ಕಟ್ಟಿದ. ಮಶೀನು ಸ್ಕೂಟರಿನ ಮೇಲೆ ಮನೆಗೆ ಬಂತು. ಅಪ್ಪ ಶೇರ್ ರಿಕ್ಷಾದಲ್ಲಿ ನನ್ನ ಪಕ್ಕ ಬಂದು ಕೂತರು. ಮದುವೆಯಾದಾಗಿನಿಂದ ಅಷ್ಟು ಒತ್ತಿ ಕೂತಿದ್ದು ಅವತ್ತೇ.

೨. ಅಕ್ಷತೆ

ಹೊಸ ವಸ್ತು ಮನೆಗೆ ಬಂದರೆ ಪೂಜೆ ಮಾಡದೆ ಮುಟ್ಟುತ್ತೇವೇನ್ರಿ? ಸೊಸೆ ಮಶೀನಿಗೆ ಮೂರು ಬೆರಳಿನ ವಿಭೂತಿ ಹಚ್ಚಿದಳು, ಕುಂಕುಮ ಇಟ್ಟಳು. ಮನೆಗೆ ಹಿರಿಯಳು ಅಂತ ನನ್ನ ಕೈಗೆ ಅಕ್ಷತೆ ಕೊಟ್ಟರು. ನಾನೇನು ಜಿಪುಣಿಯೇ? ಬೊಗಸೆ ತುಂಬ ಒಗೆದೆ.

ಮೊದಲ ಕೆಲಸ ಓಝರ ಕಡೆ ವಿಮಾನದ ಕಾರ್ಖಾನೆಯ ಒಬ್ಬ ಇಂಜಿನಿಯರ್ ಮನೆಯದು, ನಮ್ಮ ಕಲಬುರಗಿಯವರು. ಅವರೂ ಕೈಕಟ್ಟಿ ನೋಡುತ್ತ ನಿಂತರು. ಮಶೀನು ಎರಡು ಸಲ ಫುಸ್ ಅಂತು, ಸುಮ್ಮನಾಯಿತು. ಮಗ ಮಶೀನಿನ ಮೂತಿ ತಿರುಗಿಸಿದ, ಮೊಬೈಲ್ ನೋಡಿದ, ಮತ್ತೆ ತಿರುಗಿಸಿದ. ಇಂಜಿನಿಯರೂ ಕೂತು ಕಣ್ಣು ಕಿರಿದು ಮಾಡಿ ನೋಡಿದರು. ವಿಮಾನ ಗೊತ್ತಿದ್ದವರಿಗೂ ಇದು ಗೊತ್ತಾಗಲಿಲ್ಲ.

ಕೊನೆಗೆ ನಮ್ಮವರೇ ಮಶೀನು ಬಂದ್ ಮಾಡಿಸಿ, ಒತ್ತಡ ಇಳಿಸಿಸಿ, ಬಣ್ಣ ಎಳೆಯುವ ನಳಿಗೆಯ ತುದಿಯ ಜಾಲರಿ ಬಿಚ್ಚಿದರು. ಒಳಗೆ ಅರಿಷಿಣದ ಅಕ್ಕಿ! ಅಲ್ಲಿ ಮುರಿದ ನುಚ್ಚು ಮೂತಿಯವರೆಗೂ ಹೋಗಿ, ಬಣ್ಣ ಚಿಮ್ಮುವ ಸಾಸಿವೆಗಿಂತ ಸಣ್ಣ ತೂತಿನಲ್ಲಿ ಕೂತಿತ್ತು.

"ಯಾರಿದು ಅಕ್ಕಿ ಹಾಕಿದ್ದು?" ಮಗ ಚೀರಿದ. ಎಲ್ಲರೂ ನನ್ನನ್ನೇ ನೋಡಿದರು.

ನಮ್ಮವರು ನಿಧಾನಕ್ಕೆ ಅಂದರು: "ಬೈಬ್ಯಾಡೋ ಅಪ್ಪಿ. ಮದವ್ಯಾಗ ನನ್ನ ತಲಿಮ್ಯಾಲೂ ಇದೇ ಅಕ್ಕಿ ಒಗದಿದ್ರು. ಅವತ್ತಿನಿಂದ ನನ್ನ ಬಾಯಿನೂ ಬಂದ್ ಅದ."

ಅಂದಿನಿಂದ ಬಣ್ಣವನ್ನು ನನ್ನ ಹಳೇ ಸೀರೆಯಲ್ಲಿ ಎರಡೆರಡು ಸಲ ಸೋಸುತ್ತೇನೆ.

೩. ಘೋಟಿಯ ಎಮ್ಮೆ

ಘೋಟಿಯಲ್ಲಿ ಹೈವೇ ಪಕ್ಕದ ಒಂದು ಖಾನಾವಳಿಯ ಗೋಡೆ. ಖರ್ಚು ಉಳಿಸಲು ಮಾಲಕ ತೆಳು ಬಣ್ಣವೇ ಸಾಕು ಅಂದಿದ್ದ, ಅದನ್ನು ಸಣ್ಣ ಮಶೀನೂ ಎಳೆಯುತ್ತಿತ್ತು. ಅಲ್ಲಿ ಗಾಳಿ ಅಂದರೆ ಸೆರಗು ನಿಲ್ಲುವುದಿಲ್ಲ.

"ಇವತ್ತ ಬ್ರಶ್ ಹಚ್ಚೂಣು. ಗಾಳಿ ಭಾಳ ಅದ," ಅಂದರು ನಮ್ಮವರು.

"ಅಪ್ಪಾ, ನೀ ಇದನ್ನ ಅಡ್ಡ ಹಿಡಕೊಂಡು ನಿಂದ್ರು, ಸಾಕು," ಅಂತ ಮಗ ಫ್ರಿಜ್ಜಿನ ಖಾಲಿ ಡಬ್ಬಿಯ ರಟ್ಟು ಕೈಗೆ ಕೊಟ್ಟ. ನಲವತ್ತು ವರ್ಷ ಬ್ರಶ್ಶು ಹಿಡಿದ ಕೈಗೆ ರಟ್ಟು! ಅವರು ರಟ್ಟು ಹಿಡಿದು ಗಾಳಿಗೆ ಅಡ್ಡ ನಿಂತರು.

ರಟ್ಟು ಎಷ್ಟು ತಡೆದೀತು? ಪಕ್ಕದ ಹಿತ್ತಲಲ್ಲಿ ಕಟ್ಟಿದ್ದ ಕರೀ ಎಮ್ಮೆ ಒಂದು ಮಗ್ಗುಲು ಪೂರಾ ಕೆನೆಬಣ್ಣಕ್ಕೆ ತಿರುಗಿತು. ಎಮ್ಮೆಯ ಒಡತಿ ಮರಾಠಿಯಲ್ಲಿ ಬೈಯುತ್ತಲೇ ಬಂದಳು. "ಅರ್ಧ ಎಮ್ಮಿಗೆ ಬಣ್ಣಾ ಹಚ್ಚೀರಿ, ಉಳಿದ ಅರ್ಧ ಯಾರ ಅಪ್ಪ ಹಚ್ಚಬೇಕು?"

ಮಗನಿಗೆ ಮಶೀನು ಬಿಟ್ಟು ಬರಲಾಗದು, ಒಳಗಿನ ಬಣ್ಣ ಒಣಗಿದರೆ ಕೆಟ್ಟೇ ಹೋಯಿತು. ಖಾಲಿ ಇದ್ದವರು ಯಾರು? ಅಪ್ಪ. ಬಕೆಟ್ಟು, ತೆಂಗಿನ ನಾರು ತಗೊಂಡು ಎಮ್ಮೆ ತಿಕ್ಕಿದರು. ಹಿಡಿದ ಕೆಲಸ ಅರೆಬರೆ ಬಿಡುವ ಜಾತಿಯಲ್ಲ ನಮ್ಮವರು. ಬಣ್ಣ ಬೀಳದ ಮಗ್ಗುಲನ್ನೂ ತೊಳೆದರು. ಎಮ್ಮೆ ಮಿರಿಮಿರಿ ಮಿಂಚಿತು.

ಒಡತಿಯ ಸಿಟ್ಟು ಇಳಿಯಿತು. ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಅಜ್ಜಾರ ಕೈ ಭಾರೀ ಸಾಫ್ ಅದ. ದಿನಾ ಬರ್ತಾರೇನು?"

ನಗುವುದೋ ಅಳುವುದೋ! ಆ ತಿಂಗಳಲ್ಲಿ ಅವರನ್ನು ಕೆಲಸಕ್ಕೆ ಕರೆದವಳು ಅವಳೊಬ್ಬಳೇ.

೪. ಗೆರೆ ಇಲ್ಲದ ಗೋಡೆ

ಸಂಭಾಜಿನಗರದಲ್ಲಿ ನಮ್ಮ ಕಡೆಯ ಒಬ್ಬ ಬಟ್ಟೆ ವ್ಯಾಪಾರಿಯ ಮನೆ. ಅವರದು ಒಂದೇ ಷರತ್ತು: "ಬ್ರಶ್ಶಿನ ಗೆರಿ ಕಾಣಬಾರದು. ಮಶೀನಿದ್ರ ಬರ್ರಿ, ಇಲ್ಲಾಂದ್ರ ಬ್ಯಾಡ." ಹೇಳಿ, ಮದುವೆಗೆಂದು ನಾಲ್ಕು ದಿನ ಬೀದರಕ್ಕೆ ಹೋದರು.

ಮಗ ಟೆಂಪೋದಲ್ಲಿ ಮಶೀನಿನ ಜೊತೆ ಹೊರಟ. "ಅಪ್ಪಾ, ನೀ ಮನ್ಯಾಗ ಇರು," ಅಂದ. ಅವರು ಇರುವವರೇ? ನಾವಿಬ್ಬರೂ ಬಸ್ಸು ಹತ್ತಿದೆವು. ಚೀಲದಲ್ಲಿ ರೊಟ್ಟಿ, ರೊಟ್ಟಿಯ ಕೆಳಗೆ ನನ್ನ ಸೀರೆಯ ತುಂಡಿನಲ್ಲಿ ಸುತ್ತಿದ ಬ್ರಶ್ಶುಗಳು.

ಅಲ್ಲಿಯದು ಹೊರಗೋಡೆಯ ಗಟ್ಟಿ ಬಣ್ಣ. ಸಣ್ಣ ಮಶೀನು ಒಂದು ಗುಟುಕು ಎಳೆದು ಉಬ್ಬಸ ಬಿಟ್ಟಿತು. ಮಗ ನೀರು ಬೆರೆಸಿದ. ಬಣ್ಣ ಗೋಡೆಯ ಮೇಲಿಂದ ಕಣ್ಣೀರಿನಂತೆ ಇಳಿಯಿತು. ನೀರು ಕಡಿಮೆ ಮಾಡಿದ. ಮಶೀನು ಗುರ್ ಅಂದು ನಿಂತೇಬಿಟ್ಟಿತು. ಮಗ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ.

"ಅಪ್ಪಾ..." ಅಂದ.

ನಮ್ಮವರು ಸಾತಪುರದ ಅಂಗಡಿಯ ಮಾತು ಎತ್ತಲಿಲ್ಲ. ಚೀಲದೊಳಗಿನ ಬ್ರಶ್ಶು ತೆಗೆದು, ಧೋತರ ಎತ್ತಿ ಕಟ್ಟಿ ಬಿದಿರಿನ ಅಟ್ಟಣಿಗೆ ಹತ್ತಿದರು. ಮೂರು ದಿನ. ನಾನು ಬಣ್ಣ ಕಲಸಿ ಕೊಡುವುದು, ಮಗ ಮೇಲೆ ಮುಟ್ಟಿಸುವುದು, ಅವರು ಹಚ್ಚುವುದು. ಇಳಿದಾಗ ಎರಡೂ ಮೊಣಕಾಲು ಬಾತು ಗಡಿಗೆಯಂತಾಗಿದ್ದವು. ಗೋಡೆ ಮಾತ್ರ ಹಾಲಿನ ಕೆನೆ.

ವ್ಯಾಪಾರಿ ಬಂದರು. ಗೋಡೆಯನ್ನು ಸವರಿ ಸವರಿ ನೋಡಿದರು. "ಅಬ್ಬಬ್ಬಾ! ಮನಶ್ಯಾರ ಕೈಲೆ ಇದು ಆಗೋ ಮಾತೇನ್ರಿ? ಒಂದ ಗೆರಿ ಇಲ್ಲ!" ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಮಶೀನಿನ ಫೋಟೋ ಹೊಡೆದುಕೊಂಡರು.

ನಮ್ಮವರು ಮಗನ ಮುಖ ನೋಡಿದರು. ಮಗ ಮಶೀನಿನ ಮುಖ ನೋಡಿದ.

"ಹೌದ್ರಿ," ಅಂದ. "ಮಶೀನ್ ಛಲೋ ಅದ."

ಹೆತ್ತವಳು ನಾನು. ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟೆ. ಇಟ್ಟೆನೋ, ಒಗೆದೆನೋ.

ವ್ಯಾಪಾರಿ ಕಳಕಳಿಯಿಂದ ಅಂದರು: "ಕಾಕಾ, ಇಂಥಾ ಮಶೀನ್ ಇರೂವಾಗ ನೀವ್ಯಾಕ ತ್ರಾಸ ತಗೋತೀರಿ? ಮನ್ಯಾಗ ಆರಾಮ ಕೂಡ್ರಿ."

ನಾಸಿಕಕ್ಕೆ ಬಂದ ಮರುದಿನ ಬೆಳಿಗ್ಗೆ ಮಗನಿಗೆ ಫೋನು ಬಂತು. ದೌಲತಾಬಾದ್ ರಸ್ತೆಯ ಇನ್ನೊಬ್ಬ ಸಾಹುಕಾರರು. ವ್ಯಾಪಾರಿಯ ಗೋಡೆ ನೋಡಿದವರು, ಅವರ ಬಾಯಲ್ಲಿ ನಮ್ಮ ಸುದ್ದಿಯೆಲ್ಲ ಕೇಳಿದವರು. ಅವರ ದನಿ ಮನೆತುಂಬ ಕೇಳುತ್ತಿತ್ತು: "ಮೂರು ಅಂತಸ್ತಿನ ಮನಿ ಅದ. ಅದೇ ಮಶೀನ್ ಬೇಕು ನೋಡ್ರಿ, ನಾಳಿನೇ ಬರ್ರಿ. ಆ ಮುದುಕರನ್ನ ಕರಕೊಂಡು ಬರಬ್ಯಾಡ್ರಿ, ಪಾಪ, ಎಲ್ಲ್ಯಾರ ಬಿದ್ದಾರು."

ಮಗ ಫೋನು ಹಿಡಿದುಕೊಂಡೇ ಅಪ್ಪನ ಕಡೆ ನೋಡಿದ.

ನಮ್ಮವರು ಕಾಲು ಚಾಚಿ ಕೂತಿದ್ದರು, ನಾನು ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ತಲೆ ಎತ್ತದೆ ಅಂದರು:

"ಹೇಳಪಾ ಅವರಿಗೆ. ಮಶೀನಿಗೆ ಮೊಣಕಾಲು ಬಾತಾವ, ಎಂಟು ದಿನ ಏಳಂಗಿಲ್ಲಂತ."